ಸಂಶಯಕ್ಕೆ ಎಡೆಯಿಲ್ಲ

ಸಕ್ಕರೆ ಪುಡಿ, ಬಿಳಿ ಹಾಳೆಯ ಮೇಲೆ ಬಿಳಿ, ಬೆರಳಿಗೆ ಅಂಟಿದ ಮೇಲೇ ಇದೆಯೆಂದು ಗೊತ್ತಾದದ್ದು, ಗಾಶ್ಪೆರ್ ಜಾಮು ತುಂಬಿ ಕರಿದ ಕ್ರೋಫ್ ಉಂಡೆ ಕಚ್ಚುತ್ತ ಅವಳ ಹೆಗಲ ಮೇಲಿಂದ ಬಗ್ಗಿ ಕರಡು ಓದಿದಾಗ ಉದುರಿದ್ದಿರಬೇಕು, ಕಾರ್ನಿವಲ್ ಮಂಗಳವಾರ, ಇಡೀ ಕಚೇರಿಗೆ ಕರಿದ ಹಿಟ್ಟಿನ ವಾಸನೆ, ಜರ್ದಾಳು ಜಾಮಿನ ವಾಸನೆ, ಕೆಳಗೆ ಬೀದಿಯಲ್ಲಿ ಕುರಿದೊಗಲು ಹೊದ್ದವರು ಸೊಂಟಕ್ಕೆ ಗಂಟೆ ಕಟ್ಟಿಕೊಂಡು ಕುಣಿದು ಚಳಿಗಾಲವನ್ನು ಓಡಿಸುತ್ತಿದ್ದಾರೆ, ಓಡಿಸಲಿ — ಏನ್ ಪೋಲೋನಾ, ಒಂದೂ ತಿನ್ನಲ್ವಾ, ನಮ್ಮಮ್ಮ ಐವತ್ತು ಕರಿದಿದ್ದಾಳೆ, ಉಳಿಸ್ಕೊಂಡು ಹೋದ್ರೆ ಎಣ್ಣೆಗೆ ನನ್ನನ್ನೇ ಬಿಡ್ತಾಳೆ, ಅಂದ ಗಾಶ್ಪೆರ್, ಆಮೇಲೆ ಮುಖವಾಡದ ಬಗ್ಗೆ ಏನೋ ತಮಾಷೆ ಶುರುಮಾಡಿ ಅರ್ಧಕ್ಕೇ ನುಂಗಿಕೊಂಡ, ಎದುರಿನ ಮೇಜಿಗೆ ಹೋಗಿ ಕೂತ, ಹದಿನಾಲ್ಕು ತಿಂಗಳಿಂದ ಎಲ್ಲರೂ ಹೀಗೆಯೇ, ಮಾತು ಬಾಯಿವರೆಗೆ ಬರುತ್ತದೆ, ಇವಳು ಗಂಡ ಸತ್ತವಳು ಎಂಬುದು ನೆನಪಾಗುತ್ತದೆ, ಮಾತು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ, ಅವಳಿಗೆ ಬೇಸರವಿಲ್ಲ, ಬೇಸರ ಎಂಬುದೂ ಇತ್ತೀಚೆಗೆ ದೂರದ ಕೋಣೆಯಲ್ಲಿ ಯಾರೋ ಹಾಕಿಟ್ಟ ರೇಡಿಯೊ — ಮೂರನೇ ಪುಟ, ಏಳನೇ ಪರಿಚ್ಛೇದ, ಐರೋಪ್ಯ ನಿಯಮದ ಅರ್ಥ ಇಲ್ಲಿ ಸ್ಪಷ್ಟವಾಗಿದ್ದು ಸಂಶಯಕ್ಕೆ ಎಡೆಯಿಲ್ಲ, ಆದ್ದರಿಂದ ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯಕ್ಕೆ ಪ್ರಶ್ನೆ ಕಳಿಸುವ ಅಗತ್ಯ ಕಾಣುವುದಿಲ್ಲ, ಬರೆದವಳು ಅವಳೇ, ಮೂರು ವಾರದ ಕೆಳಗೆ, ಬರೆದದ್ದೂ ಅಲ್ಲ, ಹಳೆಯ ಒಂದು ಆದೇಶದಿಂದ ಎತ್ತಿ ಅಂಟಿಸಿದ್ದು, ಅದು ಇನ್ನೂ ಹಳೆಯದೊಂದರಿಂದ ಎತ್ತಿ ಅಂಟಿಸಿದ್ದು, ಅಡುಗೆಯವಳ ಕೈ ಕಣ್ಣು ಹಾಯಿಸದೆ ಉಪ್ಪಿನ ಡಬ್ಬಿಗೆ ಹೋಗುವ ಹಾಗೆ ಅವಳ ಕೈ ಆ ಸಾಲಿಗೆ ಹೋಗುತ್ತದೆ, ಎರಡು ಗಂಟೆಗೆ ಐವರು ನ್ಯಾಯಾಧೀಶರು ಬಾಗಿಲು ಹಾಕಿಕೊಂಡು ಕೂರುತ್ತಾರೆ, ಈ ಸಾಲಿಗೆ ತಲೆಯಾಡಿಸುತ್ತಾರೆ, ತೆರೆಜಿಯಾ ಮ್ಲಾಕರ್ ಎಂಬ ಎಂಬತ್ತಮೂರರ ಮುದುಕಿ ಸೋಲುತ್ತಾಳೆ, ಇದಕ್ಕಿಂತ ಮೇಲೆ ಹೋಗಲು ಈ ದೇಶದಲ್ಲಿ ಇನ್ನೊಂದು ನ್ಯಾಯಾಲಯವಿಲ್ಲ, ಈಗ ಗಂಟೆ ಹನ್ನೊಂದು.

ಬೆಳಿಗ್ಗೆಯೇ ಆ ಮುದುಕಿ ಬರದಿದ್ದರೆ ಈ ಹಾಳೆಯನ್ನು ಅವಳು ಮತ್ತೆ ಬಿಡಿಸುತ್ತಿರಲಿಲ್ಲ, ಬರಬಾರದಿತ್ತು, ಇಲ್ಲಿಗೆ ಅರ್ಜಿದಾರರು ಯಾರೂ ಬರುವುದಿಲ್ಲ, ಕಾಗದಗಳು ಬರುತ್ತವೆ, ಕಾಗದಗಳು ಹೋಗುತ್ತವೆ, ಆದರೆ ಎಂಟೂವರೆಗೆ ಪೋಲೋನಾ ಬಾಗಿಲು ದಾಟುವಾಗ ಕಾವಲುಗಾರನ ತಪಾಸಣೆ ಯಂತ್ರದ ಪಟ್ಟಿಯ ಮೇಲೆ ಒಂದು ಜೊತೆ ಬೂಟು ಸಾಗುತ್ತಿತ್ತು, ಹಳೆಯ ರಬ್ಬರ್ ಅಟ್ಟೆಯ ಬೂಟು, ಹಿಂದೆ ತಲೆವಸ್ತ್ರ ಕಟ್ಟಿದ ಮುದುಕಿ, ಅಜ್ಜೀ, ಬೂಟಿನೊಳಗೆ ಏನಿಟ್ಕೊಂಡಿದ್ದೀಯಾ, ಅಂತ ಕಾವಲುಗಾರ, ಕಾಲಂತೂ ಇಲ್ಲ, ಬಗ್ಗಿ ನೋಡ್ಕೋ, ಅಂತ ಮುದುಕಿ, ಅವನು ನಗುತ್ತಲೇ, ಯಾರನ್ನ ನೋಡ್ಬೇಕಿತ್ತು, ಅಂದರೆ, ಮ್ಲಾಕರ್ ಫೈಲು ಯಾರ ಹತ್ರ ಇದ್ಯೋ ಅವ್ರನ್ನ — ಪೋಲೋನಾಳ ಕಾಲು ನಿಂತುಬಿಟ್ಟದ್ದು ಅಲ್ಲೇ, ನಿಲ್ಲಬಾರದಿತ್ತು, ಮುದುಕಿ ಕ್ಷಣದಲ್ಲಿ ಹಿಡಿದುಬಿಟ್ಟಳು, ನೀನೇನಾ ಮಗಳೇ, ನಾನು ಮಾತಾಡೋ ಹಾಗಿಲ್ಲ ಅಮ್ಮ, ಮಾತಾಡ್ಬೇಡ, ಕಿವಿ ಇದ್ಯಲ್ಲ, ಕೇಳಿಸ್ಕೋ ಸಾಕು, ಹತ್ತೊಂಬತ್ತು ವರ್ಷ ನನ್ನ ಮಗ ಲೊವ್ರೊ ಆ ಪಂಪ್‌ಮನೇಲಿ ಎರಡು ದಿನಕ್ಕೊಂದ್ ಸಲ ಮಲಗಿದ್ದಾನೆ, ಗಂಟೆ ಹೊಡೆದ್ರೆ ಹತ್ತು ನಿಮಿಷದೊಳಗೆ ಗುಡ್ಡ ಹತ್ತಿ ನೀರಿನ ವಾಲ್ವು ತಿರುಗಿಸ್ಬೇಕು, ಇಲ್ದಿದ್ರೆ ಮೂರು ಊರಿಗೆ ನೀರಿಲ್ಲ, ಒಂದು ದಿನಾನೂ ಬೂಟು ಬಿಚ್ಚಿ ಮಲಗಲಿಲ್ಲ, ಮಂಚದ ಮೇಲೆ ಸತ್ತ, ಬೂಟು ಹಾಕ್ಕೊಂಡೇ ಸತ್ತ, ಇವ್ರು ಬರೀತಾರೆ, ವಿಶ್ರಾಂತಿಯ ವೇಳೆಯಲ್ಲಿ ನಿಧನ, ಊರಲ್ಲಿ ಹೋಟ್ಲಲ್ಲಿ ಕೂತು ಆಡ್ಕೋತಾರೆ, ಪುಣ್ಯಾತ್ಮ, ಮಲಗೋದಕ್ಕೇ ಸಂಬಳ ತಗೊಂಡ, ಮಲಗಿದ್ದಲ್ಲೇ ಹೋದ ಅಂತ — ಮುದುಕಿಯ ಮಣಿಕಟ್ಟಿನ ಬಳಿ ಡಯಾಲಿಸಿಸ್ ಸೂಜಿಯ ಗಂಟು, ನೀಲಿ, ಹಣ್ಣಾದ ಪ್ಲಮ್ಮಿನಷ್ಟು — ಲಾಯರು ಹೇಳ್ತಾನೆ, ಕೊನೇ ಕೋರ್ಟು ಯೂರೋಪನ್ನ ಕೇಳಿದ್ರೂ ಕೇಳ್ಬಹುದು ಅಂತ, ಯೂರೋಪಿಗೆ ಏನ್ ಗೊತ್ತು, ನನ್ನ ಕೇಳಿ, ಆದ್ರೂ ಕಳಿಸೋದಾದ್ರೆ ಕಳಿಸಿ, ಅಲ್ಲಿ ಲೊವ್ರೊ ಮ್ಲಾಕರ್ ಅಂತ ಅವನ ಹೆಸರು ಎದ್ದುನಿಂತು ಓದ್ತಾರಲ್ವಾ, ಅಷ್ಟು ದೊಡ್ಡ ಜಾಗದಲ್ಲಿ, ಓದ್ತಾರಲ್ವಾ ಮಗಳೇ — ಪೋಲೋನಾ ಮಾತಾಡುವ ಹಾಗಿರಲಿಲ್ಲ, ಮೆಟ್ಟಿಲು ಹತ್ತಿದಳು.

ಕೆಳಗಿನ ಕೋರ್ಟಿನವರು ಲಕ್ಸೆಂಬರ್ಗನ್ನು ಕೇಳಬಹುದು, ಕೊನೆಯವರು ಕೇಳಲೇಬೇಕು, ವಿಶ್ವವಿದ್ಯಾಲಯದ ಮೂರನೇ ವರ್ಷದ ಮೌಖಿಕ ಪರೀಕ್ಷೆ, ಕಿಟಕಿಯಾಚೆ ಚೆಸ್ಟ್‌ನಟ್ ಮರ, ಯಾಕೆ ಕೇಳಲೇಬೇಕು ಹೇಳಿ, ಅಂದರು ಮೇಷ್ಟ್ರು, ಕೆಳಗಿನವರ ತಪ್ಪನ್ನು ಮೇಲಿನವರು ತಿದ್ದುತ್ತಾರೆ ಸಾರ್, ಕೊನೆಯವರ ಮೇಲೆ ಸೂರು ಮಾತ್ರ ಇದೆ, ಅಂದಿದ್ದಳು ಅವಳು, ಮೇಷ್ಟ್ರು ನಕ್ಕು ಹತ್ತಕ್ಕೆ ಹತ್ತು ಕೊಟ್ಟಿದ್ದರು, ಆಗಿನ್ನೂ ಗಂಡನಾಗಿರದ ಯೆರ್ನೆಯ್ ಹೊರಗೆ ಸೈಕಲ್ ಹಿಡಿದುಕೊಂಡು ನಿಂತಿದ್ದ — ಸೈಕಲ್ ಬೇಡ ಈಗ — ವಿನಾಯಿತಿ ಇದೆ, ಪ್ರಶ್ನೆಗೆ ಅಲ್ಲಿ ಆಗಲೇ ಉತ್ತರ ಸಿಕ್ಕಿದ್ದರೆ ಕೇಳಬೇಕಿಲ್ಲ, ಉತ್ತರ ಹಗಲಿನಷ್ಟು ಸ್ಪಷ್ಟವಾಗಿದ್ದರೂ ಕೇಳಬೇಕಿಲ್ಲ, ಆದರೆ ನಮ್ಮ ಕಣ್ಣಿಗೆ ಸ್ಪಷ್ಟವಾದರೆ ಸಾಲದು, ಲಿಸ್ಬನ್ನಿನವನ ಕಣ್ಣಿಗೂ ಹೆಲ್ಸಿಂಕಿಯವನ ಕಣ್ಣಿಗೂ ಅಷ್ಟೇ ಸ್ಪಷ್ಟ ಎಂದು ಖಾತ್ರಿಯಿರಬೇಕು, ಇಲ್ಲಿ ಲಿಸ್ಬನ್ ದೂರವಾಯಿತು, ಈ ಊರಲ್ಲೇ ಎರಡು ಬೀದಿ ಆಚೆಯ ಕಾರ್ಮಿಕ ನ್ಯಾಯಾಧೀಶ ಲೊವ್ರೊನ ಆ ನಿದ್ದೆ ಕೆಲಸ ಎಂದ, ಅವನ ಮೇಲಿನವರು ವಿಶ್ರಾಂತಿ ಎಂದರು, ಲಕ್ಸೆಂಬರ್ಗ್ ಹಿಂದೆ ಕರೆಗಾಗಿ ಕಾದಿರುವ ಬೇರೆ ಕೆಲಸದವರ ಬಗ್ಗೆ ಹೇಳಿದ್ದುಂಟು, ಅವರನ್ನು ಎಷ್ಟು ಕಟ್ಟಿಹಾಕಿದ್ದರು ನೋಡಿ ಎಂದು, ಬೆಂಕಿ ಆರಿಸುವವರ ಬಗ್ಗೆ, ವೈದ್ಯರ ಬಗ್ಗೆ, ಆದರೆ ಊರಿಡೀ ನಿದ್ದೆ ಮಾಡುವಾಗ ಬೂಟು ಹಾಕಿ ಮಲಗಿದವನು ಆ ಮಂಚದ ಮೇಲೇ ಸತ್ತರೆ ಅದು ಯಾರ ವೇಳೆ, ಅದನ್ನು ಯಾರೂ ಕೇಳಿಲ್ಲ, ಇಬ್ಬರು ಇಬ್ಬಗೆಯಾಗಿ ನುಡಿದ ಮೇಲೆ ಮೂರನೆಯವರಿಗೆ ಸ್ಪಷ್ಟತೆ ಎಲ್ಲಿಂದ ಬಂತು, ಅವಳ ಕೈಯಿಂದ ಬಂತು, ಅಂಟಿಸಿದ ಕೈಯಿಂದ — ಆದರೆ ಕೇಳಿದರೆ ಉತ್ತರಕ್ಕೆ ಒಂದೂವರೆ ವರ್ಷ, ಎರಡೂ ಆಗಬಹುದು, ಅಷ್ಟರವರೆಗೆ ಕಡತಕ್ಕೆ ಬೀಗ, ವಾರಕ್ಕೆ ಮೂರು ಸಲ ಯಂತ್ರಕ್ಕೆ ಕೈಯೊಡ್ಡುವ ಮುದುಕಿ, ಅವಳ ಲಾಯರು ಡಿಸೆಂಬರಿನಲ್ಲೇ ಬರೆದಿದ್ದಾನೆ, ನನ್ನ ಕಕ್ಷಿದಾರಳ ಆರೋಗ್ಯವನ್ನು ಪರಿಗಣಿಸಿ ಶೀಘ್ರ ತೀರ್ಮಾನ ಮಾಡಬೇಕಾಗಿ, ಕೇಳದಿದ್ದರೆ ಇವತ್ತೇ ಸೋಲು, ಕೇಳಿದರೆ ಕಾಯುತ್ತ ಸಾವು, ಎರಡರ ನಡುವೆ ಒಂದು ಸಾಲು, ಗಾಶ್ಪೆರ್ ಎದುರಿನಿಂದ, ಯಾಕೆ ಅಷ್ಟೊಂದು ಉಜ್ಜುತ್ತಿದ್ದೀಯಾ ಮಾರಾಯ್ತಿ, ಸಕ್ಕರೆ ಯಾವಾಗಲೋ ಹೋಯ್ತು, ಕಾಗದ ಹರೀತದೆ.

ಸ್ಪಷ್ಟವಾಗಿದೆ ಮೇಡಂ, ಅಂದಿದ್ದ ಹದಿನಾಲ್ಕು ತಿಂಗಳ ಕೆಳಗೆ ಆ ಪೊಲೀಸಿನವನು ಕೂಡ, ಟೋಪಿ ಕಂಕುಳಲ್ಲಿಟ್ಟುಕೊಂಡು, ಅವಳ ಅಡುಗೆಮನೆಯ ಬಾಗಿಲಲ್ಲಿ, ರಸ್ತೆ ಕಟ್ಟಿಹೋಗಿದೆ, ಕಾರು ಸಿಕ್ಕಿಬಿದ್ದಿದೆ, ಬೆಚ್ಚಗಿರ್ಲಿ ಅಂತ ಎಂಜಿನ್ ಬಿಟ್ಕೊಂಡು ಕೂತಿದ್ದಾರೆ, ಹಿಮ ಹೊಗೆಕೊಳವೆ ಮುಚ್ಚಿದೆ, ಹೊಗೆ ಒಳಗೆ ಬಂದಿದೆ, ನಿದ್ದೆಯಲ್ಲೇ ಹೋಗಿದ್ದಾರೆ, ನೋವು ಗೊತ್ತಾಗಿರಲ್ಲ, ಇದ್ರಲ್ಲಿ ಏನೂ ಸಂಶಯ ಇಲ್ಲ — ಸರಿ, ಅಂದಳು ಅವಳು, ಸರಿ ಎಂದು ಮೂರು ಕಡೆ ಸಹಿ ಹಾಕಿದಳು, ಶವಪರೀಕ್ಷೆ ಬೇಡ ಎಂಬುದಕ್ಕೂ, ಯೆರ್ನೆಯ್ ಟ್ರೆಂಟಾ ಕಣಿವೆಯಲ್ಲಿ ಹುಟ್ಟಿದವನು, ಅಲ್ಲಿಯ ಅಪ್ಪಂದಿರು ಮಕ್ಕಳಿಗೆ ನಡೆಯಲು ಕಲಿಸಿದ ಮೇಲೆ ಕಲಿಸುವ ಮೊದಲ ಪಾಠ ಅದು, ಹಿಮದಲ್ಲಿ ಸಿಕ್ಕಿದರೆ ಕಾಲು ಗಂಟೆಗೊಮ್ಮೆ ಇಳಿ, ಕೊಳವೆ ಬಿಡಿಸು, ಮತ್ತೆ ಹತ್ತು, ಅವಳಿಗೇ ಅವನು ನೂರು ಸಲ ಹೇಳಿದ್ದ, ಹೇಳಿ ಹೇಳಿ ಬೈಸಿಕೊಂಡಿದ್ದ, ಅಂಥವನು ಇಳಿಯಲಿಲ್ಲವೇ, ಇಳಿದನೇ, ಇಳಿಯಲು ಮರೆತನೇ, ಇಳಿಯಬಾರದು ಎಂದುಕೊಂಡನೇ — ಆ ಕೊನೆಯ ವಾರಗಳಲ್ಲಿ ಅವನು ಕಡಿಮೆ ಮಾತಾಡುತ್ತಿದ್ದ, ಕೊನೆಯ ಶುಕ್ರವಾರ ಬೂದು ಕೋಟು ಹಾಕಿಕೊಂಡು ಬಂದು ಅವಳ ಮೇಜಿನ ಪಕ್ಕ ನಿಂತ, ನೀನೂ ಬರ್ತೀಯಾ, ಕೆಲ್ಸ ಇದೆ ಕಣೋ, ಅಂದಳು, ತಲೆಯೆತ್ತದೆ ಅಂದಳು, ಯಾವ ಕಡತವದು, ಏನಿತ್ತು ಅದರಲ್ಲಿ, ನೆನಪಿಲ್ಲ, ಸ್ವಲ್ಪ ಹೊತ್ತು ನಿಂತೇ ಇದ್ದ, ಆಮೇಲೆ ಬಾಗಿಲು ಹಾಕಿದ ಸದ್ದು, ಎಂದಿನ ಸದ್ದು, ಎಂದಿಗಿಂತ ಮೆತ್ತಗಿತ್ತೇ, ಪೊಲೀಸಿನವನು ಹೋಗುವಾಗ ಒಂದು ಚೀಟಿ ಕೊಟ್ಟ, ಮೊದ್ಲು ನೋಡಿದ್ದು ಸ್ತಾನೆ ಅಂತ, ಹಿಮ ತೆಗೆಯೋ ಗಾಡಿಯ ಡ್ರೈವರು, ಏನಾದ್ರೂ ಕೇಳ್ಬೇಕು ಅನ್ನಿಸಿದ್ರೆ ಅವ್ರ ನಂಬರ್ ಇದು, ಅವಳು ಅದನ್ನು ಗುರುತಿನ ಚೀಟಿಯ ಹಿಂದೆ ತುರುಕಿದಳು, ದಿನಾ ಬಾಗಿಲಲ್ಲಿ ಆ ಗುರುತಿನ ಚೀಟಿಯನ್ನು ಹಿಡಿದು ತೋರಿಸಿಯೇ ಒಳಗೆ ಬರುತ್ತಾಳೆ, ಹದಿನಾಲ್ಕು ತಿಂಗಳು, ಅತ್ತೆಗೂ ಅದೇ ಹೇಳಿದ್ದಾಳೆ, ಸ್ಪಷ್ಟವಾಗಿದೆ ಅಮ್ಮ, ಅಪಘಾತ, ಅತ್ತೆ ನಂಬಿದಳು, ಇವಳು ಹೇಳಿದ ಮೇಲೆ ಇನ್ನೇನು, ಯೆರ್ನೆಯ್ ವಿಷಯದಲ್ಲಿ ಇವಳ ಮೇಲೆ ಇನ್ನು ಯಾರಿದ್ದಾರೆ.

ಹೊಸ ಟಿಪ್ಪಣಿ ಎರಡು ಪುಟ, ಒಂದೇ ಉಸಿರಿಗೆ, ಎಲ್ಲಿಂದಲೂ ಎತ್ತದೆ, ಪ್ರತಿ ಪದ ಹೊಸದಾಗಿ, ಕೈಗೆ ಅಭ್ಯಾಸವಿಲ್ಲದ ಕೆಲಸ, ಕೆಳಗಿನ ಎರಡು ತೀರ್ಪುಗಳು ಒಂದಕ್ಕೊಂದು ವಿರುದ್ಧ, ಲಕ್ಸೆಂಬರ್ಗ್ ಈ ಬಗೆಯ ಸಾವಿನ ಬಗ್ಗೆ ಹೇಳಿಲ್ಲ, ಸಂಶಯವಿದೆ, ಸಂಶಯವಿದ್ದರೆ ಈ ನ್ಯಾಯಾಲಯಕ್ಕೆ ಆಯ್ಕೆಯಿಲ್ಲ, ಹನ್ನೆರಡೂ ಮುಕ್ಕಾಲಿಗೆ ವಿಲ್ಮಾ ಪೆಟರ್ನೆಲ್ ಅವರ ಕೋಣೆ, ಪೀಠದ ಮುಖ್ಯಸ್ಥೆ, ಮುಂದಿನ ವರ್ಷ ನಿವೃತ್ತಿ, ಸೂಪಿನ ಬಟ್ಟಲು ಪಕ್ಕಕ್ಕೆ ಸರಿಸಿ ಕನ್ನಡಕ ಹಾಕಿಕೊಂಡು ಓದಿದರು, ಚಮಚ ಕೈಯಲ್ಲೇ ಇತ್ತು, ಮೂರು ವಾರದ ಹಿಂದೆ ಸ್ಪಷ್ಟ ಅಂತ ಬರೆದೋರು ನೀವೇ, ಇವತ್ತು ಸಂಶಯ ಅಂತೀರಿ, ಮಧ್ಯದಲ್ಲಿ ಏನಾಯ್ತು, ಅವತ್ತು ನಾನು ಯೋಚನೆ ಮಾಡಿರ್ಲಿಲ್ಲ ಮೇಡಂ, ಅಂಟಿಸಿದೆ, ಅಂಟಿಸಿದ್ರಿ, ಹೌದು, ಇದಕ್ಕೆ ಮುಂಚೆ ಎಷ್ಟು ಸಲ, ಗೊತ್ತಿಲ್ಲ, ಅದ್ರಲ್ಲಿ ಎಷ್ಟರ ಕೆಳಗೆ ನನ್ನ ಸಹಿ ಇದೆ, ಗೊತ್ತಿಲ್ಲ ಮೇಡಂ — ವಿಲ್ಮಾ ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಚಮಚವನ್ನು ಬಟ್ಟಲಿನ ಅಂಚಿಗೆ ಸದ್ದಾಗದಂತೆ ಇಟ್ಟರು, ನಮ್ಮ ಐದು ಜನದ ತಲೆಯಲ್ಲಿ ಒಂದು ಕಪ್ಪು ಕೂದ್ಲಿಲ್ಲ, ಇಷ್ಟು ವಯಸ್ಸಾದ್ಮೇಲೆ ನಮಗೆ ಗೊತ್ತಿಲ್ಲ ಅಂತ ಬರೆದು ಕಳಿಸೋದು ಅಷ್ಟು ಸುಲಭ ಅಂದ್ಕೊಂಡ್ರಾ, ನಮ್ಮಲ್ಲಿ ದಾಮ್ಯಾನ್ ಅಂತೂ ಲಕ್ಸೆಂಬರ್ಗ್ ಅಂದ್ರೆ ಮಾವನ ಮನೆಗೆ ಸಾಲ ಕೇಳೋಕೆ ಹೋದ ಹಾಗೆ ಆಡ್ತಾರೆ, ಸರಿ, ಒಂದು ಮಾತು ಹೇಳಿ, ಉತ್ತರ ಬರೋವರೆಗೂ ಆ ಹೆಂಗಸು ಇರ್ತಾಳಾ, ಇಲ್ಲದೇ ಇರಬಹುದು, ಗೊತ್ತಿದ್ದೂ ಕೇಳೋಣ ಅಂತೀರಾ, ಅಂತೀನಿ, ಅಂದಳು ಪೋಲೋನಾ, ಕೇಳದೇ ಬಿಟ್ಟರೆ ಅದು ತೀರ್ಮಾನ ಅಲ್ಲ ಮೇಡಂ, ಬಾಗಿಲು ಹಾಕಿದ ಹಾಗೆ, ಆಮೇಲೆ ತೆಗೆಯೋರು ಯಾರೂ ಇರಲ್ಲ — ವಿಲ್ಮಾ ಅವಳನ್ನು ನೋಡಿದರು, ಕಾಗದದಾಚೆಗಿನ ಏನನ್ನೋ ನೋಡುವ ಹಾಗೆ ನೋಡಿದರು, ಹೋಗಿ ಏನಾದ್ರೂ ತಿನ್ನಿ, ಅಂದರು, ನೀವು ಹೋದ ಚಳಿಗಾಲದಿಂದ ಊಟ ಮಾಡಿದ ಹಾಗೆ ಕಾಣಲ್ಲ.

ಎರಡು, ಎರಡೂ ಕಾಲು, ಮುಚ್ಚಿದ ಬಾಗಿಲಿನ ಒಳಗಿಂದ ದಾಮ್ಯಾನ್ ಅವರ ಗಂಟಲು ಒಮ್ಮೆ ಏರಿತು, ಪದಗಳು ಕೇಳಲಿಲ್ಲ, ಬೀದಿಯ ಗಂಟೆಗಳು ನದಿಯ ಕಡೆಗೆ ಹೋದವು, ಗಾಶ್ಪೆರ್ ಅರ್ಧ ಕ್ರೋಫನ್ನು ಕಾಗದದ ಕರವಸ್ತ್ರದಲ್ಲಿಟ್ಟು ಅವಳ ಮುಂದೆ ನೂಕಿದ, ನೀನು ತಿಂದೆ ಅಂತ ಅಮ್ಮನಿಗೆ ಹೇಳ್ಬೇಕು, ಸುಳ್ಳು ಹೇಳಿಸ್ಬೇಡ, ಅವಳು ಕಚ್ಚಿದಳು, ಜಾಮು ತಣ್ಣಗೆ, ಮೂರೂ ಇಪ್ಪತ್ತಕ್ಕೆ ವಿಲ್ಮಾ ಬಂದರು, ಮೂರು ಮತ ಪರ, ಎರಡು ವಿರುದ್ಧ, ಕಳಿಸ್ತೀವಿ, ಹೆಸರುಗಳನ್ನ ತೆಗೆದು ಸಂಜೆಯೊಳಗೆ ಕೊಡಿ — ಗೆದ್ದದ್ದೇ ಇದು, ಗೆದ್ದಂತೆ ಅನ್ನಿಸಲಿಲ್ಲ, ಹೆಸರುಗಳನ್ನು ತೆಗೆಯುವುದು, ಅದು ಅಲ್ಲಿಯ ಪದ್ಧತಿ, ಮನುಷ್ಯರ ಹೆಸರು ಹೊತ್ತು ಯಾವ ಪ್ರಶ್ನೆಯೂ ಹೋಗುವ ಹಾಗಿಲ್ಲ, ಲೊವ್ರೊ ಮ್ಲಾಕರ್ ಇದ್ದ ಕಡೆಯೆಲ್ಲ ಎರಡು ಅಕ್ಷರ, ಅವನವೂ ಅಲ್ಲದ ಎರಡು ಅಕ್ಷರ, ತೆರೆಜಿಯಾ ಇದ್ದ ಕಡೆ ಇನ್ನೆರಡು, ಆಮೇಲೆ ಲಕ್ಸೆಂಬರ್ಗಿನಲ್ಲಿ ಒಂದು ಯಂತ್ರ ಇಡೀ ಪ್ರಕರಣಕ್ಕೆ ಯಾರದೂ ಅಲ್ಲದ ಒಂದು ಹೆಸರು ಕಟ್ಟಿಕೊಡುತ್ತದೆ, ಆ ಹೆಸರನ್ನೇ ಅಲ್ಲಿ ಓದುತ್ತಾರೆ, ಎದ್ದುನಿಂತು ಓದ್ತಾರಲ್ವಾ ಮಗಳೇ, ಓದುತ್ತಾರೆ ಅಮ್ಮ, ಅವನದ್ದಲ್ಲ — ಹುಡುಕು, ಬದಲಿಸು, ಹುಡುಕು, ಬದಲಿಸು, ನಲವತ್ತೊಂದು ಕಡೆ ಇದ್ದ ಲೊವ್ರೊ, ನಲವತ್ತು, ಮೂವತ್ತೊಂಬತ್ತು, ಒಂದೊಂದಾಗಿ ಅವಳೇ ಒತ್ತಿದಳು, ಒಟ್ಟಿಗೆ ಬದಲಿಸುವ ಗುಂಡಿ ಇದೆ, ಅದನ್ನು ಒತ್ತಲು ಕೈ ಬರಲಿಲ್ಲ, ಪಂಪ್‌ಮನೆಯಲ್ಲಿ ಅವನಿಲ್ಲ, ಗುಡ್ಡದ ಮೇಲೆ ಅವನಿಲ್ಲ, ಮಂಚದ ಮೇಲೆ ಅವನಿಲ್ಲ, ಬೂಟು ಮಾತ್ರ ಉಳಿಯಿತು, ಬೂಟಿಗೆ ಹೆಸರಿಲ್ಲವಲ್ಲ, ಕೊನೆಯ ಪುಟ, ಉತ್ತರ ಬರುವವರೆಗೆ ಈ ಪ್ರಕರಣವನ್ನು ತಡೆಹಿಡಿಯಲಾಗಿದೆ, ಮುದುಕಿಗೆ ಇದು ಅಂಚೆಯಲ್ಲಿ ತಲುಪುತ್ತದೆ, ಲಾಯರು ಓದಿ ಹೇಳುತ್ತಾನೆ, ಅವಳು ಆ ನೀಲಿ ಮಣಿಕಟ್ಟನ್ನು ಸವರಿಕೊಳ್ಳುತ್ತಾಳೆ, ಎಷ್ಟು ದಿನ ಅಂತೆ, ಅಂತ ಕೇಳುತ್ತಾಳೆ.

ಗಾಶ್ಪೆರ್ ಹೊರಟುಹೋದ, ಕಿಟಕಿಯಲ್ಲಿ ಸಂಜೆಯ ಬೂದು ಬೆಳಕು, ಅವಳು ಗುರುತಿನ ಚೀಟಿಯ ಹಿಂದಿನಿಂದ ಆ ಇನ್ನೊಂದು ಚೀಟಿಯನ್ನು ಎಳೆದಳು, ಮಡಿಕೆಯಲ್ಲಿ ಒಂದು ಅಂಕಿ ಸವೆದಿದೆ, ಏಳೋ ಒಂದೋ, ಏಳು ಎಂದುಕೊಂಡು ಒತ್ತಿದಳು, ಎಂಜಿನ್ ಸದ್ದು, ಯಾರಂದ್ರಿ, ಜೋರಾಗಿ ಹೇಳಿ ತಾಯಿ, ಗಾಡಿಯೊಳಗಿದ್ದೀನಿ, ಅವಳು ಹೇಳಿದಳು, ಎಂಜಿನ್ ನಿಂತಿತು, ಯೆರ್ನೆಯ್ ಹೆಂಡ್ತಿ, ಗೊತ್ತಾಯ್ತು, ಗೊತ್ತಾಯ್ತು, ನೀವು ಫೋನ್ ಮಾಡ್ತೀರಾ ಅಂತ ಕಾಯ್ತಾ ಇದ್ದೆ ಇಷ್ಟು ದಿನ, ನಾನಾಗಿ ಹೆಂಗ್ ಮಾಡ್ಲಿ, ಕೇಳ್ದೆ ಇದ್ದೋರಿಗೆ ಹೋಗಿ ಹೆಂಗ್ ಹೇಳೋದು — ಅವನು ಇಳಿದು ಕೊಳವೆ ಬಿಡಿಸಿದ್ದನಾ, ಅಂತ ಕೇಳಿದಳು, ಕೇಳಿಬಿಟ್ಟಳು, ಸ್ತಾನೆಯ ಉಸಿರು, ಅದು ನಂಗೊತ್ತಿಲ್ಲ ತಾಯಿ, ಹಿಮ ಎಲ್ಲಾನೂ ಮುಚ್ಚಿತ್ತು, ಹೆಜ್ಜೆ ಇದ್ದಿದ್ರೂ ಮುಚ್ಚಿರ್ತಿತ್ತು, ಇಲ್ದಿದ್ರೂ ಅಷ್ಟೇ, ನಿಮ್ಮ ಸಮಾಧಾನಕ್ಕೆ ಅಂತ ಸುಳ್ಳು ಹೇಳಲ್ಲ, ಕಂಡದ್ದು ಒಂದಿದೆ, ಪೊಲೀಸ್ನೋರಿಗೂ ಹೇಳಿಲ್ಲ, ನಂದೇ ತಪ್ಪು, ಕೈಲಿ ಒಂದು ಕಿತ್ತಳೆ ಇತ್ತು, ಸುಲೀತಾ ಇದ್ದದ್ದು, ಅರ್ಧ ಸುಲಿದಿತ್ತು, ಹೆಬ್ಬೆರಳು ಸಿಪ್ಪೆಯೊಳಗೇ ಇತ್ತು, ಅದನ್ನ ಹಾಗೇ ನೋಡೋಕೆ ನನ್ ಕೈಲಿ ಆಗ್ಲಿಲ್ಲ, ಬಿಡಿಸಿ ತೆಗೆದುಬಿಟ್ಟೆ, ಅಷ್ಟೇ ತಾಯಿ, ಅಷ್ಟೇ ನಂಗೆ ಗೊತ್ತಿರೋದು — ವರದಿಯಲ್ಲಿ ಇಲ್ಲ, ಯಾವ ಪುಟದಲ್ಲೂ ಇಲ್ಲ, ಸಾಯಬೇಕೆಂದವನು ಕಿತ್ತಳೆ ಸುಲಿಯುತ್ತಾನೆಯೇ, ಸುಲಿಯುವುದಿಲ್ಲ, ಸುಲಿಯಲೂಬಹುದು, ಲಿಸ್ಬನ್ನಿನವನು ಏನೆನ್ನುತ್ತಾನೆ, ಹೆಲ್ಸಿಂಕಿಯವನು, ಲೈನಿನಲ್ಲಿ ಸ್ತಾನೆ, ಇದ್ದೀರಾ ತಾಯಿ, ಇದ್ದೀನಿ, ತಿನ್ನಬೇಕೆಂದಿದ್ದ, ಹಸಿವಾಗಿತ್ತು, ಉಗುರು ಊರಿ ಎಳೆದಿದ್ದಾನೆ, ಕಾರಿನೊಳಗೆಲ್ಲ ಆ ವಾಸನೆ ತುಂಬಿರಬೇಕು, ಇನ್ನರ್ಧ ಎಳೆಯಬೇಕಿತ್ತು, ಇನ್ನರ್ಧ, ಅಲ್ಲಿಗೆ ನಿಂತಿದೆ, ಹೆಬ್ಬೆರಳು ಸಿಪ್ಪೆಯೊಳಗೆ, ಇದ್ದೀರಾ, ಇದ್ದೀನಿ, ಗಾಜಿನಾಚೆ ಬಿಳಿ, ಅರ್ಧ ಹಣ್ಣು, ಅರ್ಧ ಸಿಪ್ಪೆ, ಹೆಬ್ಬೆರಳು ಸಿಪ್ಪೆಯೊಳಗೆ, ಅವನ ಹೆಬ್ಬೆರಳು, ಸಿಪ್ಪೆಯೊಳಗೆ